ಶೇಷಣ್ಣನ ಉತ್ತರಗಳು ಖರ್ಚಾದ ಸಂಜೆ

ನಮ್ಮೂರಿನಲ್ಲಿ ಯಾರೂ ಯಾರನ್ನೂ "ಊಟ ಆಯ್ತಾ" ಎಂದು ಕೇಳುವುದಿಲ್ಲ. ಕೇಳಿದರೆ ಎದುರಿನವರು ಮರ್ಯಾದೆಗಾದರೂ "ಆಯ್ತು" ಅನ್ನಬೇಕಾಗುತ್ತದೆ. ಅಂದ ಮರುಕ್ಷಣವೇ ಊಟವಾದದ್ದು ಅವರಿಗೆ ಮರೆತುಹೋಗುತ್ತದೆ, ಮನೆಗೆ ಹೋಗಿ ಮತ್ತೆ ತಟ್ಟೆ ಹಾಕಿಕೊಂಡು ಕೂರುತ್ತಾರೆ. ಬೇರೆ ಊರಿನಿಂದ ಬಂದ ಹೊಸ ಅಳಿಯಂದಿರು ಇದು ತಿಳಿಯದೆ ಕಂಡಕಂಡವರನ್ನೆಲ್ಲ ಅಕ್ಕರೆಯಿಂದ ವಿಚಾರಿಸಿ, ಮಾವಂದಿರ ಹೊಟ್ಟೆ ಕೆಡಿಸಿದ್ದುಂಟು.

ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಆ ಉತ್ತರ ಕೇಳಿದವರ ಪಾಲು, ನಮ್ಮಲ್ಲಿ ಉಳಿಯುವುದಿಲ್ಲ. ಬೇರೆ ಕಡೆ ಹೀಗಿಲ್ಲವಂತೆ. ನಮಗೆ ಇದೇ ಅಭ್ಯಾಸವಾಗಿದೆ. ಏನಾದರೂ ತಿಳಿಯಬೇಕಾದರೆ ನಾವು ಕೇಳುವುದಿಲ್ಲ, ಬೇಕೆಂದೇ ತಪ್ಪು ಹೇಳುತ್ತೇವೆ. "ಹತ್ತು ಗಂಟೆ ಬಸ್ಸು ಹೋಗೇಬಿಟ್ಟಿರುತ್ತೆ ಬಿಡಿ" ಅಂದರೆ ಪಕ್ಕದಲ್ಲಿದ್ದವರು "ಛೇ, ಇನ್ನೂ ಬಂದೇ ಇಲ್ಲ" ಎಂದು ತಿದ್ದುತ್ತಾರೆ. ತಿದ್ದಿದ್ದು ಉತ್ತರವಲ್ಲವಾದ್ದರಿಂದ ಅದು ಇಬ್ಬರಲ್ಲೂ ಉಳಿಯುತ್ತದೆ. ಯಾರೂ ಕೇಳದೆ ತಾನಾಗಿ ಹೇಳಿದ ಮಾತಿಗೂ ಮೋಸವಿಲ್ಲ. ಹೊರಗಿನವರಿಗೆ ಮಾತ್ರ ನಾವೆಲ್ಲ ದಿನವಿಡೀ ತಪ್ಪು ಮಾತಾಡುವ ಶುದ್ಧ ದಡ್ಡರಂತೆ ಕಾಣುತ್ತೇವೆ. ಹಾಗೆ ಕಂಡರೆ ನಮಗೇನೂ ಬೇಸರವಿಲ್ಲ.

ಹೋಗುವ ಉತ್ತರ ಒಂಟಿಯಾಗಿಯೂ ಹೋಗುವುದಿಲ್ಲ. ಬೇರು ಸಮೇತ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಪಕ್ಕ ದೋಸೆ ಹಾಕುವ ಚೆನ್ನಾಜಮ್ಮನನ್ನು ಒಮ್ಮೆ ಯಾವನೋ ಪ್ರಯಾಣಿಕ, ಚಟ್ನಿಗೆ ಏನು ಹಾಕ್ತೀರಿ ಎಂದು ಕೇಳಿದ. ಹೊಗಳಿಕೆಗೆ ಉಬ್ಬಿ ಅವಳು ಹೇಳಿಯೂಬಿಟ್ಟಳು. ಚಟ್ನಿ ಮರೆಯಿತು, ಜೊತೆಗೆ ಅದನ್ನು ಕಲಿತ ಅತ್ತೆಮನೆಯ ಅಡುಗೆಮನೆಯೂ ಮರೆಯಿತು. ಹೊರಡುತ್ತಿದ್ದ ಬಸ್ಸಿನ ಹಿಂದೆ ಓಡಿ, ಅವನ ಬಾಯಿಂದಲೇ ಮತ್ತೆ ಹೇಳಿಸಿಕೊಂಡು ಬಂದಳು. ಚಟ್ನಿ ತಿರುಗಿ ಬಂತು, ಅಡುಗೆಮನೆ ಬರಲಿಲ್ಲ. ಹೇಳಿಸಿಕೊಂಡದ್ದು ಬೇರೆ, ಕಂಡದ್ದು ಬೇರೆ. "ಅತ್ತೆ ಬೈಗುಳಾನೂ ಅದರ ಜತೆಗೇ ಹೋಯ್ತು ಬಿಡು, ಅಷ್ಟೇ ಲಾಭ" ಎಂದು ಅವಳು ಈಗಲೂ ನಗುತ್ತಾಳೆ.

ನಾನು ಅಂಬುಜ, ಬೋರ್ಡು ಬರೆಯುವವಳು. ಎಲ್ಲ ಊರಿನಲ್ಲೂ ಬೋರ್ಡುಗಳಿರುತ್ತವೆ, ಆದರೆ ನಮ್ಮೂರಿನಷ್ಟು ಎಲ್ಲೂ ಇರಲಾರವು. ದಾರಿ ಕೇಳುವಂತಿಲ್ಲವಲ್ಲ, ಅದಕ್ಕೇ ತಿರುವು ತಿರುವಿಗೂ ಬರೆದಿಡುತ್ತೇವೆ. "ಅಂಚೆ ಕಚೇರಿ ಇದಲ್ಲ, ಮುಂದಿನದು." "ಡಾಕ್ಟರು ಒಳಗಿದ್ದಾರೆ, ಮೂಡು ಸರಿಯಿಲ್ಲ." "ಈ ಮನೆಯ ಹುಡುಗಿಗೆ ಗಂಡು ಗೊತ್ತಾಗಿದೆ." ಇವೆಲ್ಲ ನನ್ನ ಕೈಬರಹವೇ. ಹಳದಿಯ ಮೇಲೆ ಕಪ್ಪು ಅಕ್ಷರ, ಒತ್ತಕ್ಷರಕ್ಕೆ ನಾನು ಕೊಡುವ ಬಳುಕು ಬೇರೆ ಯಾರಿಗೂ ಬರುವುದಿಲ್ಲ ಎಂದು ಊರೇ ಹೇಳುತ್ತದೆ. ನಾನೂ ಇಲ್ಲ ಅನ್ನುವುದಿಲ್ಲ.

ಇನ್ನು ನನ್ನ ಅಣ್ಣ ಶೇಷಗಿರಿ. ಊರಿಗೆಲ್ಲ ಶೇಷಣ್ಣ. ಲಾಡ್ಜಿನ ಮ್ಯಾನೇಜರು, ಮದುವೆಯಾಗದವನು, ಜಿಪುಣ. ದುಡ್ಡಿನಲ್ಲಲ್ಲ, ತಿಳಿದದ್ದರಲ್ಲಿ. ಲಾಡ್ಜಿಗೆ ಬಂದವರು ಬಿಟ್ಟುಹೋದ ಪೇಪರು, ಪತ್ರಿಕೆ, ಸಾಮಾನ್ಯ ಜ್ಞಾನದ ಪುಸ್ತಕ ಏನೇ ಇರಲಿ, ಕೊನೆಯ ಪುಟದವರೆಗೆ ಓದುತ್ತಿದ್ದ. ಓದಿದ್ದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬಿಸಿನೀರು ಎಷ್ಟು ಹೊತ್ತಿಗೆ, ಚೆಕ್ ಔಟ್ ಯಾವಾಗ, ಎಲ್ಲವನ್ನೂ ನನ್ನಿಂದ ಬೋರ್ಡು ಬರೆಸಿ ಬೆನ್ನ ಹಿಂದೆ ನೇತುಹಾಕಿಕೊಂಡು ತುಟಿ ಬಿಗಿದು ಕೂರುತ್ತಿದ್ದ. ಯಾರಾದರೂ ಪ್ರಶ್ನೆಗೆ ಬಾಯಿ ತೆರೆಯುತ್ತಿದ್ದಾರೆ ಅನ್ನಿಸಿದರೆ ಕೆಮ್ಮು ಬಂದವನಂತೆ ಎದ್ದು ಒಳಗೆ ಹೋಗಿಬಿಡುತ್ತಿದ್ದ. ಜನ ಅವನಿಗೆ "ಬಾಯಿಬೀಗ" ಎಂದೇ ಹೆಸರಿಟ್ಟಿದ್ದರು.

ನಮ್ಮ ಅಮ್ಮ ನಾನು ನಡೆಯಲು ಕಲಿಯುವ ಮೊದಲೇ ಜ್ವರದಲ್ಲಿ ತೀರಿಕೊಂಡಳು. ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇಲ್ಲ. ಅಪ್ಪ ಅವಳ ಮಾತೆತ್ತುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಂದು ದಿನ ಊರಿನ ರೀತಿಯನ್ನೆಲ್ಲ ಮರೆತು ಅಣ್ಣನನ್ನು "ಅಮ್ಮ ಹೇಗಿದ್ದಳೋ" ಎಂದು ಕೇಳಿಬಿಟ್ಟೆ. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮನೆಯಿಂದ ಹೊರಗೆ ಓಡಿದವನು ಕತ್ತಲಾದ ಮೇಲೆ ಬಂದ. ಆಮೇಲೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಮ್ಮನ ವಿಷಯದಲ್ಲೂ ಜಿಪುಣತನ ಮಾಡುತ್ತಾನಲ್ಲ ಎಂದು ನನಗೆ ವರ್ಷಗಟ್ಟಲೆ ಸಿಟ್ಟಿತ್ತು.

ಹೀಗಿರುವಾಗ ನನ್ನ ಕಣ್ಣು ಮಂಜಾಗತೊಡಗಿತು. ಮೊದಮೊದಲು ಬಣ್ಣದ ಡಬ್ಬಿಯೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಅಕ್ಷರಗಳು ಸಾಲು ಬಿಟ್ಟು ಇಳಿಯತೊಡಗಿದವು. ಒಂದು ಬೋರ್ಡಿನಲ್ಲಿ ಬಾಣದ ಗುರುತು ತಿರುಗಾಮುರುಗಾ ಬರೆದದ್ದರಿಂದ ಮದುವೆಯ ದಿಬ್ಬಣವೊಂದು ಛತ್ರದ ಬದಲು ಅಕ್ಕಿ ಗಿರಣಿಗೆ ಹೋಗಿ ನಿಂತಿತು. ಯಾರೂ ನನ್ನನ್ನು ಬೈಯಲಿಲ್ಲ. ಗಿರಣಿಯವನು ದಿಬ್ಬಣದವರಿಗೆಲ್ಲ ಪಾನಕ ಕೊಟ್ಟು ಕಳಿಸಿದನಂತೆ. ಆದರೆ ಅವತ್ತು ನಾನು ಬ್ರಷ್ಷುಗಳನ್ನೆಲ್ಲ ತೊಳೆದು ಎತ್ತಿಟ್ಟೆ. ದೂರದ ನಗರದ ಆಸ್ಪತ್ರೆಯಲ್ಲಿ ತೋರಿಸಿದಾಗ, ಕಣ್ಣಿನ ಮುಂಭಾಗದ ತಿಳಿಪದರ ಎರಡರಲ್ಲೂ ಕೆಟ್ಟಿದೆ, ತೀರಿಕೊಂಡ ಬೇರೆಯವರ ಕಣ್ಣಿನ ಪದರ ತಂದು ಕೂರಿಸಬೇಕು ಅಂದರು. ಅದಕ್ಕೆ ತಗಲುವ ಖರ್ಚು ಕೇಳಿ ಅಣ್ಣನೂ ನಾನೂ ವಾಪಸು ಬಸ್ಸು ಹತ್ತಿದೆವು.

ಮರುದಿನ ಅಣ್ಣ ಬಂದು ನನ್ನ ಮಂಚದ ಪಕ್ಕ ಕೂತ. "ಟೀವೀಲಿ ಆ ದೊಡ್ಡ ಕ್ವಿಜ್ ಬರುತ್ತಲ್ಲ, ಅದಕ್ಕೆ ಹೆಸರು ಕಳಿಸಿದೀನಿ" ಅಂದ.

ನಾನು ದಂಗಾದೆ. "ಹುಚ್ಚು ಹಿಡಿದಿದೆ ನಿನಗೆ. ಅಲ್ಲಿ ಕೇಳೋದೇ ಅವರ ಕೆಲಸ. ಒಂದೊಂದು ಉತ್ತರಕ್ಕೂ ಒಂದೊಂದು ಹೋಗುತ್ತೆ. ಬರಿಗೈಲಿ, ಬರಿತಲೇಲಿ ಬರ್ತೀಯ."

"ಇಷ್ಟು ದಿನ ಕೂಡಿಟ್ಟಿದ್ದು ಇನ್ನೆಲ್ಲೂ ಚಲಾವಣೆ ಆಗಲ್ಲ ಅಂಬೂ" ಅಂದ. "ಅಲ್ಲಿ ಆಗುತ್ತೆ."

ಅವನ ಹೆಸರು ಬಂತು. ಊರಿನಲ್ಲಿ ಸಂಭ್ರಮ, ಅದರ ಹಿಂದೆಯೇ ದಿಗಿಲು. ಶಾಲೆಯ ಬೋರಲಿಂಗ ಮೇಷ್ಟ್ರು ದೊಡ್ಡ ಅಪಾಯವನ್ನು ಹುಡುಕಿ ಹೇಳಿದರು. ಅಲ್ಲಿನ ನಿರೂಪಕ ಆಟ ಶುರುವಾಗುವ ಮೊದಲು ಹೆಸರು ಕೇಳುತ್ತಾನೆ, ಊರು ಕೇಳುತ್ತಾನೆ, ಗೆದ್ದ ಹಣ ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಅವಕ್ಕೆಲ್ಲ ಉತ್ತರಿಸಿದರೆ ಶೇಷಣ್ಣ ತಾನು ಯಾರು, ಯಾಕೆ ಬಂದೆ ಅನ್ನುವುದನ್ನೂ ಮರೆತು ಅಲ್ಲೇ ಕೂತಿರುತ್ತಾನೆ. ಹಾಗಾಗಿ ಎತ್ತಿಟ್ಟ ಬ್ರಷ್ಷನ್ನು ಮತ್ತೆ ಹಿಡಿದೆ. ಅಣ್ಣ ನನ್ನ ಕೈ ಹಿಡಿದು ಸಾಲು ತೋರಿಸಿದ, ನಾನು ಕತ್ತಿಗೆ ಹಾಕಿಕೊಳ್ಳುವಂಥ ಬೋರ್ಡೊಂದನ್ನು ಬರೆದೆ. ಮುಂದುಗಡೆ, "ಹೆಸರು ಶೇಷಗಿರಿ. ಊರು ದೂರ. ಆಟದ ಪ್ರಶ್ನೆ ಬಿಟ್ಟು ಬೇರೇನೂ ಕೇಳಬಾರದಾಗಿ ವಿನಂತಿ." ಹಿಂದುಗಡೆ, "ತಂಗಿಯ ಕಣ್ಣಿಗೆ." ನನ್ನ ಬದುಕಿನಲ್ಲೇ ಅತಿ ಸೊಟ್ಟನೆಯ ಬೋರ್ಡು ಅದು. ಅದನ್ನೇ ಹಾಕಿಕೊಂಡು ಅವನು ಬಸ್ಸು ಹತ್ತಿದ.

ಕಾರ್ಯಕ್ರಮ ನೇರಪ್ರಸಾರ. ಸಂಜೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಷ್ಟದ ಪ್ರಶ್ನೆಗೆ ಸ್ನೇಹಿತರೊಬ್ಬರಿಗೆ ಫೋನು ಮಾಡುವ ಅವಕಾಶ ಅಲ್ಲಿ ಒಂದು ಸಲ ಉಂಟು. ಅದಕ್ಕೆ ಅಣ್ಣ ನನ್ನ ಹೆಸರು ಕೊಟ್ಟಿದ್ದ. ಲೋಕದ ಸಂಗತಿ ಏನೂ ತಿಳಿಯದ ನನ್ನ ಹೆಸರು ಯಾಕೆ ಕೊಟ್ಟನೋ ಎಂದು ಎಲ್ಲರೂ ಒಳಗೊಳಗೇ ಮಿಸುಕಾಡುತ್ತಿದ್ದರು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಟೀವಿಯ ಬೆಳ್ಳನೆಯ ಮಂಜಿನ ಕಡೆ ಮುಖ ಮಾಡಿ ಕೂತಿದ್ದೆ. ಪಕ್ಕದಲ್ಲಿ ಚೆನ್ನಾಜಮ್ಮ, ಕಂಡದ್ದನ್ನೆಲ್ಲ ಕೇಳದೆಯೇ ಹೇಳುತ್ತಾ ಇದ್ದಳು.

ಮೊದಲು ಸುಲಭದ್ದು. ಆಮೇಲೆ ಬಿಗಿಯಾಯಿತು. ಆಕ್ಟೋಪಸ್‌ಗೆ ಎಷ್ಟು ಹೃದಯ ಎಂದು ನಿರೂಪಕ ಕೇಳಿದ. ಅಣ್ಣ "ಮೂರು" ಅಂದ. ಚಪ್ಪಾಳೆ.

"ಭಲೇ ಸರ್! ಮೂರು ಹೃದಯ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಯಾರಿಗೆ ಮೂರು ಹೃದಯವೋ ನನಗೆ ತಿಳಿಯದು ಸ್ವಾಮಿ" ಅಂದ ಅಣ್ಣ, ಪ್ರಾಮಾಣಿಕವಾಗಿ.

ಅಲ್ಲಿನ ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ನಮ್ಮ ನಡುಮನೆಯಲ್ಲಿ ಯಾರೂ ನಗಲಿಲ್ಲ. ಅದನ್ನು ಅವನಿಗೆ ಹೇಳಿದ್ದು ಲಾಡ್ಜಿನಲ್ಲಿ ಜ್ವರ ಬಂದು ಮಲಗಿದ್ದ ಒಬ್ಬ ಹಡಗಿನ ಕೆಲಸದವನು. ಅಣ್ಣ ಅವನಿಗೆ ಗಂಜಿ ಕುಡಿಸಿ, ಬೆನ್ನು ಒರೆಸಿ, ಎದ್ದು ಓಡಾಡುವ ಹಾಗೆ ಮಾಡಿ ಕಳಿಸಿದ್ದ. ಹೋಗುವಾಗ ಆ ಹಡಗಿನವನೇ ಇದನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಹೇಳಿ ಹೋಗಿದ್ದ. ಆ ಸ್ನೇಹ ಅಷ್ಟೂ ಆ ಒಂದು ಮಾತಿನ ಜೊತೆ ಹೋಗಿರುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಹಿಮಕರಡಿಯ ತುಪ್ಪಳದ ಕೆಳಗಿನ ಚರ್ಮದ ಬಣ್ಣ ಕಪ್ಪು ಅಂದ, ಅದು ಹೋಯಿತು. ಸೂರ್ಯನ ಸುತ್ತ ಬರುವುದಕ್ಕಿಂತ ತನ್ನ ಸುತ್ತ ತಾನು ತಿರುಗಲು ಹೆಚ್ಚು ದಿನ ಹಿಡಿಯುವ ಗ್ರಹ ಶುಕ್ರ ಅಂದ, ಅದೂ ಹೋಯಿತು. ಜೇನುನೊಣಕ್ಕೆ ಐದು ಕಣ್ಣು ಅಂದ. ಜೇಬಿನಿಂದ ಒಂದೊಂದೇ ನಾಣ್ಯ ತೆಗೆದು ಕೊಡುವವನ ಹಾಗೆ ಸ್ವಲ್ಪವೂ ಅವಸರವಿಲ್ಲದೆ ಕೊಡುತ್ತಾ ಹೋದ. ಈ ಬಾಯಿಬೀಗದವನು ನನಗಾಗಿ ಹೀಗೆ ಬರಿದಾಗುತ್ತಿದ್ದಾನಲ್ಲ, ನಾನು ಏನು ಮಾಡಿದ್ದೇನೆ ಇವನಿಗೆ ಅನ್ನಿಸಿತು.

ಕೊನೆಯ ಪ್ರಶ್ನೆಯ ಹೊಸ್ತಿಲಲ್ಲಿ ನಿರೂಪಕ ಎಚ್ಚರಿಕೆ ಕೊಟ್ಟ. ಇಲ್ಲಿಯವರೆಗೆ ಗೆದ್ದದ್ದನ್ನು ತೆಗೆದುಕೊಂಡು ಹೋಗಬಹುದು. ಕೊನೆಯದಕ್ಕೆ ಉತ್ತರಿಸಿದರೆ ದೊಡ್ಡ ಬಹುಮಾನ, ತಪ್ಪಿದರೆ ಬಹುಪಾಲು ಕೈಬಿಟ್ಟುಹೋಗುತ್ತದೆ. ಅಷ್ಟರಲ್ಲಾಗಲೇ ಒಂದು ಕಣ್ಣಿಗೆ ಆಗುವಷ್ಟು ಬಂದಿತ್ತು. ಒಂದು ಕಣ್ಣು ಸಾಕಲ್ಲ ದೇವರೇ, ಎದ್ದು ಬಂದುಬಿಡಲಿ ಎಂದು ನಾನು ಬೇಡಿಕೊಂಡೆ.

ಪ್ರಶ್ನೆ ಬಂತು. ರಾತ್ರಿಯ ಆಕಾಶದಲ್ಲಿ ಹೊಳಪಿನಲ್ಲಿ ಎರಡನೆಯ ಸ್ಥಾನದ ನಕ್ಷತ್ರ ಯಾವುದು? ಧ್ರುವ, ಸ್ವಾತಿ, ಅಗಸ್ತ್ಯ, ಅಭಿಜಿತ್.

"ಬೆವರು ಒರೆಸ್ಕೊಂಡ ಕಣೇ" ಅಂದಳು ಚೆನ್ನಾಜಮ್ಮ. "ಬೋರ್ಡನ್ನ ಹಿಂದುಮುಂದು ಮಾಡಿ ನಿನ್ನ ಅಕ್ಷರ ನೋಡ್ಕೊಂಡ." ಆಮೇಲೆ ಅಣ್ಣನ ದನಿ ಕೇಳಿತು. "ತಂಗಿಗೆ ಫೋನ್ ಮಾಡಿ."

ನನ್ನ ಮಡಿಲಲ್ಲಿ ಫೋನು ಹೊಡೆದುಕೊಂಡಿತು. ನಿರೂಪಕ ನಮಸ್ಕಾರ ಹೇಳಿ, ಅರ್ಧ ನಿಮಿಷ ಮಾತ್ರ, ನಿಮ್ಮಣ್ಣ ಪ್ರಶ್ನೆ ಓದುತ್ತಾರೆ ಅಂದ. ಬೋರಲಿಂಗ ಮೇಷ್ಟ್ರು ಎದ್ದು ಟೀವಿಯ ಸದ್ದು ತಗ್ಗಿಸಿದರು. ಅಣ್ಣ ಪ್ರಶ್ನೆ ಓದಲಿಲ್ಲ.

"ಅಂಬೂ, ಏನೂ ಕೇಳಬೇಡ, ಸುಮ್ಮನೆ ಕೇಳಿಸ್ಕೋ" ಅಂದ. "ಅಮ್ಮ ನಮ್ಮ ಮಾಳಿಗೆ ಮೇಲೆ ನಿಂತಿದ್ಳು. ಚಳಿಗಾಲದ ಸಂಜೆ. ನೀನು ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದೆ. ನನ್ನನ್ನ ಮುಂದೆ ನಿಲ್ಲಿಸ್ಕೊಂಡು, ಬೀದಿ ದೀಪ ಕಣ್ಣಿಗೆ ಹೊಡೀದೆ ಇರೋ ಹಾಗೆ ನನ್ನ ಹಣೆಗೆ ಕೈ ಅಡ್ಡ ಹಿಡಿದ್ಳು. ದಕ್ಷಿಣಕ್ಕೆ, ಕೆಳಗೆ, ಅಗಸ್ತ್ಯನ್ನ ತೋರಿಸಿದ್ಳು. ಲುಬ್ಧಕನ್ನ ಬಿಟ್ರೆ ಇವನೇ ಜಾಸ್ತಿ ಹೊಳೆಯೋನು ಅಂದ್ಳು. ಎತ್ತರದವಳು. ಮೂಗುಬೊಟ್ಟು ಬಲಗಡೆ. ತಂಗಿ ದೊಡ್ಡವಳಾದ್ಮೇಲೆ ಅವಳಿಗೂ ತೋರಿಸು ಅಂದ್ಳು."

"ಸರ್, ಸರ್" ಎಂದು ನಿರೂಪಕ ನಡುವೆ ಬಂದ, "ಸಮಯ ಹೋಗ್ತಾ ಇದೆ, ನೀವು ಅವರನ್ನ ಪ್ರಶ್ನೆ ಕೇಳ್ಬೇಕು!"

ನನ್ನ ಬಾಯಿಯ ತುಂಬ ಪ್ರಶ್ನೆಗಳೇ ಇದ್ದವು. ಯಾವ ಸೀರೆ ಉಟ್ಟಿದ್ದಳು, ನನ್ನನ್ನು ಏನೆಂದು ಕರೆಯುತ್ತಿದ್ದಳು, ನಗುತ್ತಿದ್ದಳೋ ಇಲ್ಲವೋ. ಒಂದನ್ನು ಉಸಿರಿದ್ದರೂ ಅಣ್ಣ ಉತ್ತರಿಸಿಬಿಡುತ್ತಿದ್ದ, ಅಷ್ಟು ಅಮ್ಮ ಅವನಿಂದ ಆ ಕ್ಷಣವೇ ಕಿತ್ತುಹೋಗುತ್ತಿದ್ದಳು. ಈ ಒಂದು ಭಯಕ್ಕೆ ಅವನು ಇಷ್ಟು ವರ್ಷ ನನಗೆ ಏನೂ ಹೇಳದೆ ಉಳಿದದ್ದು. ಹೇಳಲು ಕೂತರೆ ಅಮ್ಮನಿಲ್ಲದ ಮಗು ಪ್ರಶ್ನೆ ಕೇಳದೆ ಇರುವುದುಂಟೇ. ಅವನ ಹತ್ತಿರ ಅಮ್ಮನ ನೆನಪು ಅಂತ ಇದ್ದದ್ದೇ ಆ ಒಂದು ಸಂಜೆ. ಅದು ನನಗೆ ಆಗ, ಆ ಫೋನು ಹಿಡಿದಾಗ ಗೊತ್ತಾಯಿತು. ಚೆನ್ನಾಜಮ್ಮನಿಗೆ ನನ್ನ ಮುಖ ನೋಡಿಯೇ ಅರ್ಥವಾಗಿರಬೇಕು, ಹಿಟ್ಟಿನ ವಾಸನೆಯ ಅಂಗೈಯಿಂದ ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದಳು. ನಾನು ಅದನ್ನು ಕಿತ್ತು, "ಬಂದುಬಿಡು ಅಣ್ಣ, ಒಂದು ಕಣ್ಣು ಸಾಕು, ಆ ಸಂಜೇನ ಕೊಡಬೇಡ" ಎಂದು ಕೂಗಿದೆ. ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಮೇಷ್ಟ್ರು ಟೀವಿಯ ಸದ್ದು ಏರಿಸಿದರು. "ನಿಮ್ಮ ತಂಗಿಯಿಂದ ಏನೂ ಸಹಾಯ ಆಗಲಿಲ್ಲ ಅನ್ಸುತ್ತೆ" ಎಂದು ನಿರೂಪಕ ಮರುಕದಿಂದ ಹೇಳುತ್ತಿದ್ದ. "ಆಟ ಬಿಡ್ತೀರಾ, ಉತ್ತರ ಕೊಡ್ತೀರಾ?"

"ಅಗಸ್ತ್ಯ" ಅಂದ ಅಣ್ಣ.

ಆಮೇಲೆ ಕೇಳಿಸಿದ್ದು ಬರೀ ಗದ್ದಲ. ಅಲ್ಲಿ ಬಣ್ಣದ ಕಾಗದದ ಚೂರುಗಳನ್ನು ಸುರಿಸಿದರಂತೆ. ನಮ್ಮ ನಡುಮನೆಯಲ್ಲಿ ಗಿರಣಿಯವನು ಯಾರನ್ನೋ ಎತ್ತಿ ಕುಣಿಸಿದ, ಮೇಷ್ಟ್ರು ಅಳುತ್ತಿದ್ದರು. ಚೆನ್ನಾಜಮ್ಮ ನನ್ನ ತಲೆಯನ್ನು ಎದೆಗೊತ್ತಿಕೊಂಡು ಹೇಳಿದಳು. "ನಗ್ತಾ ಇದಾನೆ ಕಣೇ. ಎಲ್ಲೋ ಏನೋ ಮರೆತು ಬಂದೋನ ಹಾಗೆ ಜೇಬು ಮುಟ್ಟಿ ನೋಡ್ಕೊತಾ ಇದಾನೆ. ಆದ್ರೂ ನಗ್ತಾ ಇದಾನೆ."

ಅವನು ಊರಿಗೆ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಡೋಲು ಬಡಿದರು. ಖರ್ಚಾದವನು ಹಗುರವಾಗಿದ್ದ, ಬಾಯಿಗೆ ಬೀಗವೂ ಇರಲಿಲ್ಲ. ಟೀವಿ ನೋಡಿದ್ದ ಊರಿಗೆಲ್ಲ ಅವನ ಉತ್ತರಗಳು ಗೊತ್ತಿದ್ದವಲ್ಲ, ಜನ ಸಾಲುಗಟ್ಟಿ ಲಾಡ್ಜಿಗೆ ಬಂದು ಅವನಿಗೆ ಅವನ್ನು ವಾಪಸು ಹೇಳಿದರು. "ಆಕ್ಟೋಪಸ್‌ಗೆ ಮೂರು ಹೃದಯ ಶೇಷಣ್ಣ" ಅಂದರೆ ಅವನು ಕುರ್ಚಿಯಿಂದ ಎದ್ದು "ಅಬ್ಬಬ್ಬಾ, ಒಂದನ್ನೇ ಸಂಭಾಳಿಸೋಕೆ ಆಗಲ್ಲ ನಮಗೆ" ಎಂದು ಬೆರಗಾಗುತ್ತಿದ್ದ. ಹಡಗಿನವನ ಕಥೆಯನ್ನು ಮೇಷ್ಟ್ರು ಹೇಳಿದಾಗ, "ಗಂಜಿ ಕುಡಿಸಿದೋನು ಯಾರೋ ಒಳ್ಳೆ ಮನುಷ್ಯ" ಅಂದನಂತೆ. ಅಗಸ್ತ್ಯನ ವಿಷಯ ಮಾತ್ರ ಯಾರೂ ಎತ್ತಲಿಲ್ಲ. ಅದನ್ನು ಹೇಳುವ ಹಕ್ಕು ನನ್ನದು ಎಂದು ಇಡೀ ಊರು ಬಾಯಿ ಬಿಗಿಹಿಡಿದಿತ್ತು. ಅಂಥ ಊರಿನಲ್ಲಿ ಹುಟ್ಟಿದ್ದೇನೆ, ಅದು ನನ್ನ ಪುಣ್ಯ.

ಆಪರೇಷನ್ ಎರಡು ಕಂತಿನಲ್ಲಾಯಿತು. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರಮ್ಮ ಗೋಡೆಯ ಅಕ್ಷರಗಳಿಗೆ ಕೋಲು ಹಿಡಿದು, ಇದು ಯಾವ ಅಕ್ಷರ ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡೆ. ಹೇಳಿದರೆ ಆ ಅಕ್ಷರವೇ ಹೋಗುತ್ತದೆ, ಬೋರ್ಡು ಬರೆಯುವವಳಿಗೆ ವರ್ಣಮಾಲೆಯಲ್ಲಿ ತೂತು ಬಿದ್ದರೆ ಗತಿಯಿಲ್ಲ. ಪಾಪ ಡಾಕ್ಟರಮ್ಮ, ಕಣ್ಣು ಬಂದಿಲ್ಲ ಅಂದುಕೊಂಡು ಬೆಳ್ಳಗಾದರು. ಅಣ್ಣನೇ ಮುಂದೆ ಬಂದು, "ನೀವು ತಪ್ಪು ತಪ್ಪಾಗಿ ಓದಿ ಡಾಕ್ಟ್ರೇ, ಅವಳು ತಿದ್ತಾಳೆ" ಅಂದ. ಹಾಗೆಯೇ ಆಯಿತು. ಕೊನೆಯ ಸಾಲಿನ ಸಾಸಿವೆಯಂಥ ಅಕ್ಷರದವರೆಗೆ ಅವರನ್ನು ತಿದ್ದಿದೆ. ಆಮೇಲೆ ಅಣ್ಣನ ಕಡೆ ತಿರುಗಿ ನೋಡಿದೆ. ಅವನ ಮೀಸೆ ಪೂರ್ತಿ ಬೆಳ್ಳಗಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಈ ಕಣ್ಣು ಕೊಟ್ಟುಹೋದ ಇಬ್ಬರು ಯಾರೋ, ಅವರ ಮನೆಯವರು ಯಾರೋ. ದಿನಾ ಬೆಳಿಗ್ಗೆ ಎದ್ದಕೂಡಲೇ ಮೊದಲು ಅವರಿಗೆ ಕೈ ಮುಗಿಯುತ್ತೇನೆ, ಆಮೇಲೆ ದೇವರಿಗೆ.

ಚಳಿಗಾಲ ಬರುವವರೆಗೆ ಕಾದೆ. ಮಾಘದ ಒಂದು ತಿಳಿ ಸಂಜೆ ಅಣ್ಣನನ್ನು ಮಾಳಿಗೆಗೆ ಕರೆದೆ. ದಕ್ಷಿಣಕ್ಕೆ, ಅಕ್ಕಿ ಗಿರಣಿಯ ಮೇಲೆ, ಅಷ್ಟೇನೂ ಎತ್ತರದಲ್ಲಿಲ್ಲ, ಒಬ್ಬನೇ ಹೊಳೆಯುತ್ತಿದ್ದ. ನನ್ನ ಎರಡೂ ಕಣ್ಣಿಗೆ ಕಂಡ. ಹೇಳಬೇಕೆಂದು ತಿಂಗಳುಗಟ್ಟಲೆ ಜೋಡಿಸಿಟ್ಟುಕೊಂಡಿದ್ದ ಮಾತಿನಲ್ಲಿ ಒಂದಿಷ್ಟು ಮಾತ್ರ ಹೊರಗೆ ಬಂತು. "ಅಗಸ್ತ್ಯ ಅಂತಾರೆ ಅಣ್ಣ ಅದನ್ನ. ಅಮ್ಮ ಇಲ್ಲೇ ನಿಂತು ಅದನ್ನ ತೋರಿಸಿದ್ಳು."

ಅಣ್ಣ ನಕ್ಷತ್ರವನ್ನು ನೋಡಿದ. ಅವನಿಗೆ ಇನ್ನೂ ಕೇಳುವುದಿತ್ತು, ಆದರೆ ಕೇಳಿದರೆ ನಾನು ಉತ್ತರಿಸಿಬಿಡುತ್ತೇನೆ, ಉತ್ತರಿಸಿದರೆ ಈಗ ನನ್ನ ಹತ್ತಿರ ಇರುವಷ್ಟು ಅಮ್ಮನೂ ಹೋಗುತ್ತಾಳೆ ಅನ್ನುವುದು ಅವನಿಗೆ ತಿಳಿದಿತ್ತು. ಕೊನೆಗೆ, ಎಲ್ಲೋ ದೂರದ ಮಾತೆನ್ನುವಂತೆ ಅಂದ, "ನಾನು ಆಗಿನ್ನೂ ಹುಟ್ಟೇ ಇರಲಿಲ್ಲ ಅನ್ಸುತ್ತೆ."

"ಹುಟ್ಟಿದ್ದೆ ಅಣ್ಣ" ಅಂದೆ. "ಅಮ್ಮ ತೋರಿಸಿದ್ದೇ ನಿನಗೆ. ಇಲ್ಲೇ, ಅವಳ ಮುಂದೆ ನೀನು ನಿಂತಿದ್ದೆ. ಬೀದಿ ದೀಪ ಕಣ್ಣಿಗೆ ಹೊಡೀಬಾರದು ಅಂತ ಹೀಗೆ ಕೈ ಹಿಡಿದಿದ್ಳು."

ಅವನ ಹಿಂದೆ ನಿಂತು ಹಣೆಗೆ ನನ್ನ ಕೈ ಅಡ್ಡ ಹಿಡಿದೆ. ಅಣ್ಣ ನನ್ನಷ್ಟೇ ಎತ್ತರ, ಆದರೂ ಸ್ವಲ್ಪ ಮೊಣಕಾಲು ಬಗ್ಗಿಸಿ ಚಿಕ್ಕವನಾಗಿ ನಿಂತುಕೊಂಡ.